ತಿರಸ್ಕೃತ ಕಾಣಿಕೆ

ಜಾನ್ ಸ್ಟೈನ್‌ಬೆಕ್‌ರ 1952ರ ಕಾದಂಬರಿಯ ಕೊನೆಯ ಭಾಗವನ್ನಷ್ಟೇ ಆಯ್ದು ಎಲಿಯಾ ಕಜಾನ್ 1955ರಲ್ಲಿ ‘ಈಸ್ಟ್ ಆಫ್ ಈಡನ್’ ಚಿತ್ರವನ್ನು ನಿರ್ದೇಶಿಸಿದರು. ಕಥೆಯ ಕಾಲ 1917, ಅಮೆರಿಕ ಮಹಾಯುದ್ಧಕ್ಕಿಳಿದ ವರ್ಷ. ಕ್ಯಾಲಿಫೋರ್ನಿಯದ ಸಲೀನಾಸ್‌ನಲ್ಲಿ ತಂದೆ ಆಡಮ್, ಲೆಟ್ಯೂಸ್ ಸೊಪ್ಪನ್ನು ಮಂಜುಗಡ್ಡೆಯಲ್ಲಿಟ್ಟು ರೈಲಿನಲ್ಲಿ ಕಳಿಸಹೋಗಿ ಕೈಸುಟ್ಟುಕೊಳ್ಳುತ್ತಾನೆ. ಸತ್ತಳೆಂದು ನಂಬಿಸಲಾಗಿದ್ದ ತಾಯಿಯಿಂದಲೇ ಸಾಲ ಪಡೆದು ಮಗ ಕ್ಯಾಲ್ ಬೀನ್ಸ್ ಬೆಳೆಗೆ ಹಣ ಹೂಡುತ್ತಾನೆ. ಯುದ್ಧದಿಂದ ಬೆಲೆಯೇರಿ ಬಂದ ಲಾಭವನ್ನು ತಂದೆಯ ಹುಟ್ಟುಹಬ್ಬದಂದು ಒಪ್ಪಿಸುತ್ತಾನೆ. ಊರ ಹುಡುಗರನ್ನು ಸೈನ್ಯಕ್ಕೆ ಕಳಿಸುವ ಕಾಗದಗಳಿಗೆ ಸಹಿ ಹಾಕುವ ತಂದೆ ಆ ಹಣವನ್ನು ಮುಟ್ಟಲೊಲ್ಲ.

ಕಾಯಿನನ ಕಾಣಿಕೆ ತಿರಸ್ಕೃತವಾದ ಬೈಬಲಿನ ಕಥೆ ಇಲ್ಲಿ ಮರುಹುಟ್ಟು ಪಡೆದಿದೆ. ತಂದೆಯ ತತ್ತ್ವವನ್ನು ನಾವು ತಪ್ಪೆನ್ನಲಾರೆವು. ಹಣದ ಮೂಲ ಕಂಡವನಿಗೆ ಅದನ್ನು ಚಾಚಿದ ಕೈ ಕಾಣದೆ ಹೋಯಿತು. ಆ ಗಳಿಗೆಯಲ್ಲಿ ಜೇಮ್ಸ್ ಡೀನ್ ತಂದೆಯನ್ನು ತಬ್ಬಿದ್ದು ಚಿತ್ರಕಥೆಯಲ್ಲಿರಲಿಲ್ಲ. ರೇಮಂಡ್ ಮ್ಯಾಸಿಯ ಮುಖದ ಗಲಿಬಿಲಿ ನಿಜವಾದದ್ದೇ. ಕೊನೆಗೆ ಪಾರ್ಶ್ವವಾಯುವಿನಿಂದ ಮಲಗಿದ ಆಡಮ್, ದಾದಿಯನ್ನು ಕಳಿಸಿ ನೀನೇ ನನ್ನನ್ನು ನೋಡಿಕೋ ಎನ್ನುತ್ತಾನೆ. ಕ್ಯಾಲ್ ಕಾದಿದ್ದುದು ಆ ಒಂದು ಕೋರಿಕೆಗೆಂದು ನಮಗೆ ಆಗ ಅರಿವಾಗುತ್ತದೆ.