ಮಕ್ಕಳ ಕೈಗೆ ಮೂರು ಸ್ವರ

ಹೈದರಾಬಾದಿನಲ್ಲಿ ಕರ್ನಾಟಕ ಸಂಗೀತ ಕಲಿಯಹೊರಟ ತೆಲುಗು ಮಗುವಿಗೂ ನಮ್ಮ ಮಗುವಿಗೂ ಮೊದಲ ಪಾಠ ಒಂದೇ: ಮಾಯಾಮಾಳವಗೌಳದ ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಅನಂತರ ಮಲಹರಿಯ ಪಿಳ್ಳಾರಿ ಗೀತೆಗಳು. ಈ ಕ್ರಮವನ್ನು ಹಾಕಿಕೊಟ್ಟವರು 1564ರಲ್ಲಿ ಹಂಪೆಯಲ್ಲಿ ಕಾಲವಾದ ಪುರಂದರದಾಸರೆಂದು ಪರಂಪರೆ ಹೇಳುತ್ತದೆ. ಕನ್ನಡಿಗರಾದ ನಮಗೆ ಇದು ಹೆಮ್ಮೆಯ ವಿಷಯ. ಆದರೆ ಈ ಪಾಠಗಳನ್ನು ನಾವು ಬರಿಯ ಬಾಯಿಪಾಠವಾಗಿಸಿದ್ದೇವೆ.

ವಾಸ್ತವವಾಗಿ ಇವು ರಚನೆಯ ಪಾಠಗಳೂ ಹೌದು. ಚಿಕ್ಕದೊಂದು ಸ್ವರಗುಚ್ಛವನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸುವುದು, ತಾಳಕ್ಕೆ ಕೂರಿಸುವುದು: ಹಾಡು ಕಟ್ಟುವವನ ಕೆಲಸವೂ ಇದೇ. ದಾಸರಿಗೆ ಮುನ್ನ, 13ನೆಯ ಶತಮಾನದಲ್ಲಿ, ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಸ್ವರಪ್ರಸ್ತಾರದ ಲೆಕ್ಕವನ್ನೇ ಕೊಟ್ಟಿದ್ದಾನೆ. ಮೂರು ಸ್ವರಗಳನ್ನು 6 ಬಗೆಯಾಗಿ, ನಾಲ್ಕನ್ನು 24 ಬಗೆಯಾಗಿ, ಏಳನ್ನು 5,040 ಬಗೆಯಾಗಿ ಜೋಡಿಸಬಹುದು.

ಜರ್ಮನಿಯ ಕಾರ್ಲ್ ಓರ್ಫ್ 1950ರಿಂದ 1954ರವರೆಗೆ ಹೊರತಂದ ಸಂಪುಟಗಳಲ್ಲಿ ಮಕ್ಕಳಿಗೆ ಮೊದಲು ಐದೇ ಸ್ವರ ಕೊಟ್ಟು ಸ್ವಂತ ಮಟ್ಟು ಕಟ್ಟುವ ದಾರಿ ತೋರಿಸಿದ. ಇಂಗ್ಲೆಂಡಿನಲ್ಲಿ 1992ರಲ್ಲಿ ರಾಷ್ಟ್ರೀಯ ಪಠ್ಯಕ್ರಮವು 5 ವರ್ಷದ ಮಕ್ಕಳಿಗೂ ರಚನೆಯನ್ನು ಪಾಠವಾಗಿಸಿತು.

ನಾವು ಅಷ್ಟು ದೂರ ಹೋಗಬೇಕಿಲ್ಲ. ಸ, ರಿ, ಗ ಕೊಟ್ಟು, ‘ಆರೂ ಬಗೆಯಲ್ಲಿ ಹಾಡು, ಹಿಡಿಸಿದ್ದನ್ನು ತಾಳಕ್ಕೆ ಕೂರಿಸಿ ಎರಡು ಕನ್ನಡ ಮಾತು ಸೇರಿಸು’ ಎಂದರೆ ಸಾಕು. ಬೀದಿಯಲ್ಲಿ ತೆಲುಗು, ಉರ್ದು, ಶಾಲೆಯಲ್ಲಿ ಇಂಗ್ಲಿಷ್ ಆಡುವ ನಮ್ಮ ಮಕ್ಕಳಿಗೆ ಕನ್ನಡ ಉಳಿಯುವುದು ಹೇಗೆಂದು ಚಿಂತಿಸುತ್ತೇವಲ್ಲ. ತಾನೇ ಕನ್ನಡದಲ್ಲೊಂದು ಹಾಡು ಕಟ್ಟಿದ ಮಗು ಆ ಭಾಷೆಯನ್ನು ಸುಲಭವಾಗಿ ಬಿಟ್ಟುಕೊಡಲಾರದು.