ಉದ್ರಿ ಯಾರದು, ಉಳಿದ ಮಾಲು ಯಾರದು?

ಹೊಸ ಸಾಬೂನು, ಬಿಸ್ಕತ್ತು, ಮಸಾಲೆ ಪುಡಿ ಕಂಪನಿಗಳ ಬಗ್ಗೆ ಈಚೆಗೆ ಬರುತ್ತಿರುವ ಬರಹಗಳನ್ನು ಓದಿದರೆ ಡಿಸ್ಟ್ರಿಬ್ಯೂಟರನ ತಿಥಿ ಯಾವಾಗಲೋ ಮುಗಿದುಹೋದಂತಿದೆ. ಮೊದಲು ಸ್ವಂತ ವೆಬ್‌ಸೈಟು, ಆಮೇಲೆ ಅಮೆಜಾನ್, ಆಮೇಲೆ ಬ್ಲಿಂಕಿಟ್, ಜೆಪ್ಟೊ, ಇನ್‌ಸ್ಟಾಮಾರ್ಟ್. ಅಲ್ಲಿಗೆ ಕಂಪನಿಯ ಮಾರಾಟದ ದಾರಿ ಬೆಳೆಯಿತು ಎಂದು ಲೆಕ್ಕ. ಕಿರಾಣಿ ಅಂಗಡಿಯ ಮಾತು ಬಂದರೆ ಕೊನೆಯ ಪ್ಯಾರಾದಲ್ಲಿ, ಅದೂ ‘ಮುಂದಿನ ಹಂತ’ ಎಂದು. ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿ, ಕುಷ್ಟಗಿ, ಯಲಬುರ್ಗಾ ಲೈನುಗಳಲ್ಲಿ ತೊಂಬತ್ತರ ದಶಕದಿಂದ, ಮೊದಲು ಸೇಲ್ಸ್‌ಮನ್ ಆಗಿ, ಆಮೇಲೆ ಸ್ವಂತ ಏಜೆನ್ಸಿ ಹಾಕಿಕೊಂಡು ಮಾಲು ಇಳಿಸುತ್ತ ಬಂದ ನನಗೆ, ಬೆಂಗಳೂರಿನ ನಾಲ್ಕು ಬಡಾವಣೆಗಳ ಸಂಗತಿಯನ್ನೇ ನಾಡಿನ ಚರಿತ್ರೆ ಎಂದು ಬರೆದಂತೆ ಇದು ಕಾಣುತ್ತದೆ. ನಮ್ಮ ಕಸುಬಿನ ಬೆಳವಣಿಗೆಯನ್ನು ಎರಡು ಪ್ರಶ್ನೆ ಹಿಡಿದು ನೋಡುವುದು ಲೇಸು. ಮಾರಾಟವಾಗದೆ ಉಳಿದ ಮಾಲು ಯಾರ ಪಾಲಿಗೆ ಬರುತ್ತದೆ? ಬರಬೇಕಾದ ಉದ್ರಿ ಯಾರ ತಲೆಯ ಮೇಲೆ ಕೂರುತ್ತದೆ?

ಹಳೆಯದನ್ನು ಬೇಗ ಹೇಳಿ ಮುಗಿಸಬಹುದು. ಮೈಸೂರು ಸಂಸ್ಥಾನದಲ್ಲಿ 1916ಕ್ಕೆ ಗಂಧದೆಣ್ಣೆಯ ಕಾರ್ಖಾನೆ, 1918ಕ್ಕೆ ಸಾಬೂನು ಬಂತು. ಸರ್ಕಾರವೇ ಮಾಲೀಕನಾದ್ದರಿಂದ ಉಳಿದ ಮಾಲಿನ ಚಿಂತೆ ಸರ್ಕಾರದ್ದು. 1948ರಲ್ಲಿ ಎನ್. ರಂಗರಾವ್ ಮೈಸೂರಿನಲ್ಲಿ ಊದಿನಕಡ್ಡಿ ಶುರುಮಾಡಿದರು; ಅದೇ ಇವತ್ತಿನ ಸೈಕಲ್ ಬ್ರ್ಯಾಂಡ್. 1924ರಲ್ಲಿ ಹೋಟೆಲ್ಲಾಗಿ ಹುಟ್ಟಿದ ಎಂಟಿಆರ್, ತುರ್ತುಪರಿಸ್ಥಿತಿಯ ದರ ನಿಯಂತ್ರಣದಲ್ಲಿ ಹೋಟೆಲ್ ನಡೆಸುವುದು ಕಷ್ಟವಾದಾಗ ಪೊಟ್ಟಣದ ಮಿಕ್ಸ್‌ಗಳಿಗೆ ಹೊರಳಿತು. ಇವೆಲ್ಲ ಹಳೆಯ ಮೈಸೂರಿನ ಕತೆ. ನಮ್ಮ ಭಾಗ 1948ರ ಸೆಪ್ಟೆಂಬರ್‌ವರೆಗೆ ನಿಜಾಮನದು. ವ್ಯಾಪಾರವೆಂದರೆ ವಾರದ ಸಂತೆ, ಜಾತ್ರೆ ಮತ್ತು ದಲಾಲಿ ಅಂಗಡಿ.

ನಮ್ಮ ಪೇಟೆ ಬದಲಾದದ್ದು ನೀರಿನಿಂದ. 1953ರ ಸುಮಾರಿಗೆ ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಹರಿಯತೊಡಗಿತು. ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿದರು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಗಂಗಾವತಿಯಲ್ಲಿ ರೈಸ್‌ಮಿಲ್ಲುಗಳೆದ್ದವು. ಮರಳಿಯಂಥ ಹೋಬಳಿ ಊರಿನಲ್ಲಿ ದುಡ್ಡು ವರ್ಷಕ್ಕೆ ಎರಡು ಸಲ ಓಡಾಡುತ್ತದೆ: ಮುಂಗಾರಿನ ಭತ್ತ ಕೊಯ್ದಾಗ, ಮತ್ತೆ ಬೇಸಿಗೆ ಬೆಳೆ ಕೈಗೆ ಬಂದಾಗ. ನಡುವಿನ ತಿಂಗಳುಗಳಲ್ಲಿ ಅಂಗಡಿಯಾತ ಬರೆದುಕೊಳ್ಳುತ್ತಾನೆ. ಅದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಹೋದರೆ ಕಾಲುವೆಯಿಲ್ಲ. ಸಜ್ಜೆ, ಮೆಕ್ಕೆಜೋಳ, ಕಡಲೆ. ಅಲ್ಲಿ ದುಡ್ಡು ಮಳೆಯ ಜೊತೆಗೂ ಬರುತ್ತದೆ, ಬೆಂಗಳೂರು, ಮಂಗಳೂರು, ಗೋವಾಕ್ಕೆ ಗುಳೆ ಹೋದವರ ಜೊತೆಗೂ ಬರುತ್ತದೆ. ಒಂದೇ ಜಿಲ್ಲೆಗೆ ಎರಡು ಪಂಚಾಂಗ. ‘ಕೊಪ್ಪಳ ಟೆರಿಟರಿ’ ಎಂದು ಒಂದೇ ಟಾರ್ಗೆಟ್ ಬರೆದು ಕಳಿಸುವ ಕಂಪನಿಗಳಿಗೆ ಇದು ಇಂದಿಗೂ ತಿಳಿದಿಲ್ಲ.

ಎಂಬತ್ತರ ದಶಕದಲ್ಲಿ ಸಣ್ಣವರು ದೊಡ್ಡವರನ್ನು ನಡುಗಿಸಿದರು. ಅಹಮದಾಬಾದಿನಲ್ಲಿ 1969ರಿಂದ ಸೈಕಲ್ ಮೇಲೆ ಬಟ್ಟೆ ತೊಳೆಯುವ ಪುಡಿ ಮಾರುತ್ತಿದ್ದ ಕರ್ಸನ್‌ಭಾಯಿ ಪಟೇಲರ ನಿರ್ಮಾಕ್ಕೆ ಎದುರಾಗಿ ಹಿಂದೂಸ್ತಾನ್ ಲಿವರ್ ವ್ಹೀಲ್ ತರಬೇಕಾಯಿತು. ತಮಿಳುನಾಡಿನ ಕಡಲೂರಿನಲ್ಲಿ ಚಿನ್ನಿ ಕೃಷ್ಣನ್ ಶಾಂಪೂವನ್ನು ಸ್ಯಾಶೆಗೆ ಇಳಿಸಿದ್ದರು, ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಚಿಕ್ ತಂದರು. ಅದೇ ವರ್ಷ ತ್ರಿಶೂರಿನಲ್ಲಿ ಎಂ.ಪಿ. ರಾಮಚಂದ್ರನ್ ಉಜಾಲಾ ಶುರುಮಾಡಿ, ಹೆಣ್ಣುಮಕ್ಕಳ ಕೈಯಲ್ಲಿ ಮನೆಮನೆಗೆ ಮಾರಿಸಿದರು. ಸ್ಯಾಶೆಯನ್ನು ಎಲ್ಲರೂ ಅಗ್ಗದ ಮಾಲು ಎಂದು ಹೊಗಳುತ್ತಾರೆ. ನನ್ನ ಮಟ್ಟಿಗೆ ಅದರ ದೊಡ್ಡ ಗುಣ ಬೇರೆ: ಅದನ್ನು ಯಾರೂ ಉದ್ರಿ ಕೇಳುವುದಿಲ್ಲ. ಬಾಟಲಿ ಉದ್ರಿ ಪುಸ್ತಕಕ್ಕೆ ಹೋಗುತ್ತದೆ, ಬಾಗಿಲಿಗೆ ನೇತುಹಾಕಿದ ಸರದಿಂದ ಕಿತ್ತುಕೊಟ್ಟ ಸ್ಯಾಶೆಗೆ ಕೈಯಲ್ಲೇ ಕಾಸು ಬರುತ್ತದೆ. ಡಬ್ಬಾ ಅಂಗಡಿಯಾಕೆಗೆ ಆ ಕಾಸು ಸಂಜೆಯೇ ಬೇಕು.

ಇನ್ನು ನಮ್ಮ ಕಾಲ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇದು ಯಾವ ಮ್ಯಾನೇಜ್‌ಮೆಂಟ್ ಪುಸ್ತಕದಲ್ಲೂ ನೆಟ್ಟಗೆ ಬಂದಿಲ್ಲ. ತೊಂಬತ್ತರ ದಶಕದಲ್ಲಿ ಹೊಸ ಕಂಪನಿಯೊಂದು ನಮ್ಮ ಕಡೆ ಬರಬೇಕೆಂದರೆ ಮೊದಲು ಹುಬ್ಬಳ್ಳಿಯಲ್ಲಿ ಡಿಪೊ ಅಥವಾ ಸೂಪರ್ ಸ್ಟಾಕಿಸ್ಟ್ ಹುಡುಕಬೇಕು. ಅಲ್ಲಿಂದ ಗಂಗಾವತಿಯಲ್ಲೊಬ್ಬ ಸ್ಟಾಕಿಸ್ಟ್. ಅವನ ಬಳಿ ಆಗಲೇ ದೊಡ್ಡ ಕಂಪನಿಯೊಂದರ ಏಜೆನ್ಸಿ ಇರುತ್ತದೆ. ಹೊಸ ಮಾಲು ಆ ಗಾಡಿಯಲ್ಲೇ ಒಂದು ಮೂಲೆ ಹಿಡಿದು ಸಾಗಬೇಕು. ದೊಡ್ಡ ಕಂಪನಿ ಡಿಸ್ಟ್ರಿಬ್ಯೂಟರಿಗೆ ನೂರಕ್ಕೆ ನಾಲ್ಕೈದು ಕೊಟ್ಟರೆ ಹೊಸದು ಅದರ ಎರಡರಷ್ಟು ಕೊಡುತ್ತಿತ್ತು. ಔದಾರ್ಯವೇನಲ್ಲ, ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂರುವ ಮಾಲಿನ ಬಾಡಿಗೆ ಅದು.

ಮಾರುವ ರೀತಿ ಎರಡು. ಒಂದರಲ್ಲಿ ಹುಡುಗ ಮೊದಲ ದಿನ ಆರ್ಡರ್ ಬರೆದುಕೊಂಡು ಬರುತ್ತಾನೆ, ಮರುದಿನ ಗಾಡಿ ಹೋಗುತ್ತದೆ. ಇನ್ನೊಂದು ರೆಡಿ ಸ್ಟಾಕ್: ಗಾಡಿಯಲ್ಲಿ ಮಾಲು ತುಂಬಿಕೊಂಡೇ ಹೋಗಿ ಅಂಗಡಿ ಮುಂದೆ ನಿಲ್ಲಿಸಿ, ಕೊಟ್ಟು, ದುಡ್ಡು ಎಣಿಸಿಕೊಂಡು ಬರುವುದು. ಓದಿಕೊಂಡ ಮ್ಯಾನೇಜರುಗಳಿಗೆ ಮೊದಲನೆಯದು ಇಷ್ಟ, ಕಾಗದ ಚೆನ್ನಾಗಿರುತ್ತದೆ. ಹೊಸ ಕಂಪನಿಗೆ ಎರಡನೆಯದೇ ಸರಿ ಎಂಬುದು ನನ್ನ ಪಕ್ಷ. ಹೆಸರು ಕೇಳದ ಮಾಲಿಗೆ ಯಾರೂ ಆರ್ಡರ್ ಬರೆಸುವುದಿಲ್ಲ. ಕಣ್ಣಿಗೆ ಕಂಡರೆ ‘ಎರಡು ಡಜನ್ ಇಟ್ಟು ಹೋಗು ತಮ್ಮಾ’ ಎನ್ನುತ್ತಾರೆ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ರೆಡಿ ಸ್ಟಾಕಿಗೆ ಕಾಲು ಬಂದವು. ಅದಕ್ಕೂ ಮುಂಚೆ ಲಗೇಜ್ ರಿಕ್ಷಾ, ಬಸ್ಸಿನ ಟಾಪು. ಲಾರಿ ಹೊಕ್ಕಲಾಗದ ಕ್ಯಾಂಪಿನ ಓಣಿಗೂ ಏಸ್ ಹೋಯಿತು, ಒಬ್ಬ ಡ್ರೈವರ್ ಒಬ್ಬ ಹುಡುಗ ಸಾಕು. ನಮ್ಮ ಕಡೆ ಹೊಸ ಕಂಪನಿಗಳ ಪ್ರವೇಶಕ್ಕೆ ಆ ಗಾಡಿ ಮಾಡಿದಷ್ಟು ಉಪಕಾರವನ್ನು ಟಿವಿ ಜಾಹೀರಾತೂ ಮಾಡಿಲ್ಲ.

ಇವೆರಡಕ್ಕೂ ಹೊರಗೆ, ಯಾವ ವರದಿಗೂ ಸಿಗದ ಮೂರನೆಯ ದಾರಿಯೊಂದಿದೆ. ಭತ್ತ ಹಾಕಲು, ಗೊಬ್ಬರ ತರಲು ಗಂಗಾವತಿಗೆ ಬಂದ ಹಳ್ಳಿಯ ಅಂಗಡಿಯಾತ ಹೋಲ್‌ಸೇಲ್ ಅಂಗಡಿಗೆ ಹೊಕ್ಕು ತನಗೆ ಬೇಕಾದಷ್ಟು ಕಟ್ಟಿಸಿಕೊಂಡು ಹೋಗುತ್ತಾನೆ. ಕಂಪನಿಯ ಲೆಕ್ಕದಲ್ಲಿ ಆ ಊರಿಗೆ ಲೈನೇ ಇಲ್ಲ, ಅಂಗಡಿಯಲ್ಲಿ ಮಾಲಿದೆ. ಹೋಲ್‌ಸೇಲನ್ನು ದರ ಕೆಡಿಸುವವನೆಂದು ಕಂಪನಿಗಳು ಬೈಯುತ್ತವೆ, ತಿಂಗಳ ಕೊನೆಯಲ್ಲಿ ಟಾರ್ಗೆಟ್ ಮುಟ್ಟಿಸಲು ಅವನ ಕಟ್ಟೆಯನ್ನೇ ಹತ್ತುತ್ತವೆ. ಹಳ್ಳಿಯವನಿಗೆ ಸುಗ್ಗಿಯ ತನಕ ಉದ್ರಿ ಕೊಡುವ ಎದೆಗಾರಿಕೆ ಇರುವುದು ಅವನಿಗೆ ಮಾತ್ರ.

ಈ ಕಾಲದ ಕಂಪನಿಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಪುತ್ತೂರಿನದು. ಸತ್ಯಶಂಕರ್ ಅವರ ಬಿಂದು 2000ದಲ್ಲಿ ನೀರಿನ ಬಾಟಲಿಯಿಂದ ಶುರುವಾಗಿ, 2002ರಲ್ಲಿ ಜೀರಾ ಮಸಾಲ ಪಾನೀಯ ತಂದಿತು. ತಂಪು ಪಾನೀಯದಲ್ಲಿ ಅಂಗಡಿಯ ಫ್ರಿಜ್ಜೇ ಕೋಲಾ ಕಂಪನಿಯದು. ಅದರಲ್ಲಿ ಬೇರೆಯವರ ಬಾಟಲಿ ಇಡುವಂತಿಲ್ಲ. ಅಂಥಲ್ಲಿ ಹೊಸಬರೊಬ್ಬರು ಕೋಲಾದವರ ರುಚಿಗೇ ಎದುರು ನಿಲ್ಲದೆ, ಅವರ ಬಳಿ ಇಲ್ಲದ ಜೀರಿಗೆಯ ರುಚಿ ಹಿಡಿದರು. ತಮ್ಮ ಕರಾವಳಿಯಲ್ಲಿ ಗಟ್ಟಿಯಾಗಿ ನಿಂತು ಆಮೇಲೆ ಘಟ್ಟ ಹತ್ತಿದರು. ನಮ್ಮ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ನಾನು ಅದರ ಬಾಟಲಿಯನ್ನು ಮೊದಲು ಕಂಡೆ, ಜಾಹೀರಾತನ್ನು ಆಮೇಲೆ. ಒಂದು ಜಿಲ್ಲೆ ತುಂಬಿಸಿ ಇನ್ನೊಂದಕ್ಕೆ ಕಾಲಿಡುವ ಈ ಪದ್ಧತಿ ನಿಧಾನದ್ದು, ಹೂಡಿಕೆದಾರರಿಗೆ ರುಚಿಸದ್ದು.

ಬೆಂಗಳೂರಿನ ಐಡಿ ಫ್ರೆಶ್ ಇದೇ ಪದ್ಧತಿಯನ್ನು ಪಟ್ಟಣದಲ್ಲಿ ನಡೆಸಿತು. 2005ರಲ್ಲಿ ಪಿ.ಸಿ. ಮುಸ್ತಫಾ ಮತ್ತವರ ಸೋದರ ಸಂಬಂಧಿಗಳು 50 ಚದರಡಿಯ ಜಾಗದಲ್ಲಿ ದೋಸೆ ಹಿಟ್ಟು ರುಬ್ಬಲು ತೊಡಗಿದರು. ಸಂರಕ್ಷಕ ಹಾಕದ ಹಿಟ್ಟು ಕೆಲವೇ ದಿನದ ಮಾಲು. ಡಿಪೊ, ಸೂಪರ್ ಸ್ಟಾಕಿಸ್ಟ್ ಎಂದು ಸುತ್ತಾಡಿಸಿದರೆ ದಾರಿಯಲ್ಲೇ ಹುಳಿಬರುತ್ತದೆ. ಹಾಗಾಗಿ ತಮ್ಮ ಗಾಡಿಯಲ್ಲೇ ಅಂಗಡಿಗೆ ಕೊಟ್ಟು, ಉಳಿದದ್ದನ್ನು ತಾವೇ ವಾಪಸು ತಂದರು. ಉಳಿದದ್ದು ತನ್ನ ಮೈಮೇಲೆ ಬರುತ್ತದೆಂದು ಗೊತ್ತಿರುವ ಕಂಪನಿ ಅಂಗಡಿಗೆ ಎಷ್ಟು ಬೇಕೋ ಅಷ್ಟೇ ಇಳಿಸಲು ಕಲಿಯುತ್ತದೆ. ಅದರ ಮಿತಿಯೂ ಅಲ್ಲೇ ಇದೆ: ತಣ್ಣನೆಯ ಗಾಡಿ, ದಿನದ ಸುತ್ತು ಇಲ್ಲದ ಕಡೆಗೆ ಅದು ಬರಲಾರದು. 2024ರ ಡಿಸೆಂಬರಿನಲ್ಲಿ ನಂದಿನಿ ಬೆಂಗಳೂರಿನಲ್ಲಿ ದೋಸೆ ಹಿಟ್ಟು ತಂದಾಗ ಎಲ್ಲರೂ ಬೆಲೆಯ ಬಗ್ಗೆ ಬರೆದರು. ನಂದಿನಿಗೆ ಹಾಲಿನ ಗಾಡಿ, ಪಾರ್ಲರು, ನಮ್ಮ ರಾಯಚೂರು, ಬಳ್ಳಾರಿ, ಕೊಪ್ಪಳ ಕಡೆಗೆ ರಾಬಕೊವಿ ಒಕ್ಕೂಟ, ಎಲ್ಲ ಮೊದಲೇ ಕಟ್ಟಿಟ್ಟಿದೆ. ನಮ್ಮ ಊರುಗಳಿಗೆ ಪೊಟ್ಟಣದ ಹಿಟ್ಟು ಬರುವುದಿದ್ದರೆ ಆ ದಾರಿಯಲ್ಲೇ ಮೊದಲು.

ಸೂಪರ್‌ಮಾರ್ಕೆಟ್ಟುಗಳ ಬಗ್ಗೆ ಬಹಳ ಬರೆಯಲಾಗಿದೆ, ನಾನು ಎರಡು ಮಾತಿನಲ್ಲಿ ಮುಗಿಸುತ್ತೇನೆ. 1996ರಲ್ಲಿ ಫುಡ್‌ವರ್ಲ್ಡ್, 2001ರಲ್ಲಿ ಬಿಗ್ ಬಜಾರ್, 2003ರಲ್ಲಿ ಬೆಂಗಳೂರಿನಲ್ಲಿ ಮೆಟ್ರೊ. ಅಲ್ಲಿ ಶೆಲ್ಫಿಗೆ ಹತ್ತಲು ಹಣ ಕಟ್ಟಬೇಕು, ಮಾಲು ಮಾರಿದ ಎಷ್ಟೋ ವಾರಗಳ ಮೇಲೆ ದುಡ್ಡು ಬರುತ್ತದೆ, ಉಳಿದದ್ದು ಹಿಂತಿರುಗುತ್ತದೆ. ಮರಳಿಯ ಅಂಗಡಿಯಾಕೆ ಎಂಟು ದಿನ ತಡಮಾಡಿದರೆ ಸಪ್ಲೈ ನಿಲ್ಲಿಸು ಎನ್ನುವ ಮ್ಯಾನೇಜರು ಎರಡು ತಿಂಗಳ ಈ ಉದ್ರಿಗೆ ಕೋಟು ಹಾಕಿಕೊಂಡು ಸಹಿ ಮಾಡುತ್ತಾನೆ. ಹಿಂದೂಸ್ತಾನ್ ಲಿವರ್‌ನ ಶಕ್ತಿ, ಐಟಿಸಿಯ ಇ-ಚೌಪಾಲ್ ಎಂಬ ಹಳ್ಳಿಗಾಡಿನ ಯೋಜನೆಗಳೆರಡೂ 2000ದ ಆಸುಪಾಸಿನವು; ಭಾಷಣಗಳಲ್ಲಿ ಬಹಳ ಓಡಿದವು.

2016ರಿಂದ 2018ರೊಳಗೆ ಒಂದರ ಮೇಲೊಂದು ಪೆಟ್ಟು: ನೋಟು ರದ್ದು, ಜಿಎಸ್‌ಟಿ, ಇ-ವೇ ಬಿಲ್ಲು. ಬಿಲ್ಲಿಲ್ಲದೆ ಓಡುತ್ತಿದ್ದ ಸಣ್ಣ ಸ್ಥಳೀಯ ಬ್ರ್ಯಾಂಡುಗಳು ಎಷ್ಟೋ ಮುಚ್ಚಿದವು, ಉಳಿದವು ನೆಟ್ಟಗಾದವು. 2016ರಲ್ಲೇ ಫ್ಲಿಪ್‌ಕಾರ್ಟಿನಿಂದ ಹೊರಬಂದ ಮೂವರು ಬೆಂಗಳೂರಿನಲ್ಲಿ ಉಡಾನ್ ಕಟ್ಟಿ, ಅಂಗಡಿಯವರಿಗೆ ಫೋನಿನಲ್ಲೇ ಮಾಲು, ಜೊತೆಗೆ ಉದ್ರಿಯನ್ನೂ ಕೊಡತೊಡಗಿದರು. ಉದ್ರಿಯೇ ಈ ಪೇಟೆಯ ಬೆನ್ನೆಲುಬು ಎಂದು ಕಂಡುಕೊಂಡದ್ದಕ್ಕೆ ಅವರನ್ನು ಮೆಚ್ಚಬೇಕು. ಆದರೆ ಅದೇ ಮಾಲು ಆ್ಯಪಿನಲ್ಲಿ ನಮಗಿಂತ ಕಡಿಮೆ ದರಕ್ಕೆ ಸಿಕ್ಕಾಗ ಅಂಗಡಿಯವರು ಸೇಲ್ಸ್ ಹುಡುಗರ ಮುಖಕ್ಕೆ ಫೋನು ಹಿಡಿದರು. 2022ರ ಜನವರಿಯ ಹೊತ್ತಿಗೆ ವಿತರಕರ ಅಖಿಲ ಭಾರತ ಒಕ್ಕೂಟ ದೊಡ್ಡ ಕಂಪನಿಗಳ ವಿರುದ್ಧ ಅಸಹಕಾರ ಹೂಡಿದ್ದು ಇದೇ ಸಿಟ್ಟಿಗೆ.

ಆ್ಯಪಿನ ಉದ್ರಿಗೆ ಕಾಲುವೆಯ ಲೆಕ್ಕ ಗೊತ್ತಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ತುಂಗಭದ್ರೆಯ ಜಲಾಶಯ ತುಂಬಲಿಲ್ಲ, ಬೇಸಿಗೆ ಭತ್ತಕ್ಕೆ ನೀರು ಸಿಗಲಿಲ್ಲ. ಮರುವರ್ಷ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಕ್ಯಾಂಪುಗಳ ಅಂಗಡಿಗಳಲ್ಲಿ ಮೊದಲು ನಿಂತದ್ದು ದೊಡ್ಡ ಪ್ಯಾಕಿನ ಮಾರಾಟ. ‘ಅಣ್ಣಾ, ಗೇಟಿಂದು ಏನಂತ ತಿಳೀಲಿ, ಆಮ್ಯಾಗ ಇಳಸ್ರಿ’ ಎಂದರು. ಆ ವಾರ ಬಂದ ಟಾರ್ಗೆಟ್ ಹಾಳೆಯಲ್ಲಿ ಗೇಟಿನ ಸುದ್ದಿಯಿರಲಿಲ್ಲ.

ಇನ್ನು ಬ್ಲಿಂಕಿಟ್, ಜೆಪ್ಟೊದಂಥ ಹತ್ತು ನಿಮಿಷದ ಆ್ಯಪುಗಳು ಹೊಸ ಕಂಪನಿಗೆ ಒಂದು ಒಳ್ಳೆಯ ಕೆಲಸ ಮಾಡುತ್ತವೆ, ಅದನ್ನು ಒಪ್ಪಲೇಬೇಕು. ಮಾಲು ಜನಕ್ಕೆ ಹಿಡಿಸಿತೇ ಇಲ್ಲವೇ ಎಂಬುದು ವಾರದೊಳಗೆ ತಿಳಿಯುತ್ತದೆ. ನಮ್ಮ ದಾರಿಯಲ್ಲಿ ಆರು ತಿಂಗಳು ಬೇಕಿತ್ತು. ಆದರೆ ಅಲ್ಲಿಯೂ ಕಮಿಷನ್, ಜಾಹೀರಾತಿನ ದುಡ್ಡು, ವಾಪಸು ಬಂದ ಮಾಲು ಕಂಪನಿಯದೇ. ಬೆಂಗಳೂರಿನಲ್ಲೇ ಹುಟ್ಟಿ ಎಲ್ಲರ ಬಾಯಲ್ಲಿದ್ದ ಡಂಜೊ ಆ್ಯಪು ಮುಚ್ಚಿಹೋಯಿತು. ಆ ದಾರಿಯನ್ನೇ ನಂಬಿ ಕುಳಿತವರು ಬೇರೆ ಬಾಗಿಲು ತಟ್ಟಬೇಕಾಯಿತು. ಇನ್ನೊಂದು ಸಂಗತಿ ಯಾರ ನಕ್ಷೆಯಲ್ಲೂ ಇಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೋದ ಹುಡುಗರು ಯುಗಾದಿಗೋ, ಕೊಪ್ಪಳದ ಗವಿಮಠದ ಜಾತ್ರೆಗೋ ಊರಿಗೆ ಬರುವಾಗ ಹೊಸ ಫೇಸ್‌ವಾಷ್, ಹೊಸ ನೂಡಲ್ಸ್ ಚೀಲದಲ್ಲಿ ತರುತ್ತಾರೆ. ಅವರು ತಿರುಗಿ ಹೋದ ಮೇಲೆ ಮನೆಯವರು ಅಂಗಡಿಗೆ ಬಂದು ಖಾಲಿ ಪೊಟ್ಟಣ ತೋರಿಸಿ ‘ಇಂಥಾದ್ದು ಐತೇನ್ರಿ’ ಎನ್ನುತ್ತಾರೆ. ಹೊಸ ಬ್ರ್ಯಾಂಡಿಗೆ ಒಣಭೂಮಿಯ ತಾಲ್ಲೂಕುಗಳಲ್ಲಿ ಬೇಡಿಕೆ ಹುಟ್ಟುವುದು ಹೀಗೆ. ಆ ಹೊತ್ತಿಗೆ ಅಲ್ಲಿಗೆ ಮಾಲು ಇಳಿಸುವವರು ಯಾರೂ ಇರುವುದಿಲ್ಲ.

ನಮ್ಮಲ್ಲಿಂದ ಹೊರಗೆ ಹೋಗುವ ಮಾಲಿನ ದಾರಿಯಂತೂ ಬರೆಯಲು ಯೋಗ್ಯವೆಂದೇ ಯಾರಿಗೂ ಅನಿಸಿಲ್ಲ. ಗಂಗಾವತಿಯ ಸೋನಾ ಮಸೂರಿ ಎಷ್ಟೋ ಊರುಗಳಲ್ಲಿ ಬೇರೆಯವರ ಹೆಸರಿನ ಚೀಲದಲ್ಲಿ ಮಾರಾಟವಾಗುತ್ತದೆ. ಕಲಬುರಗಿಯಲ್ಲಿ ಜಿಲ್ಲಾಡಳಿತವೇ ನಿಂತು ಮಹಿಳಾ ಸಂಘಗಳ ಜೋಳದ ರೊಟ್ಟಿಗೆ ಹೆಸರು ಕೊಟ್ಟು, ಆನ್‌ಲೈನಿಗೂ ಹತ್ತಿಸಿತು. ಕುಷ್ಟಗಿಯ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಮಾಡುವ ಹೆಣ್ಣುಮಕ್ಕಳು ಇನ್ನೂ ಮೇಳ, ಜಾತ್ರೆಗಳ ಸ್ಟಾಲನ್ನೇ ನಂಬಿದ್ದಾರೆ.

ಹೂಡಿಕೆ ಎತ್ತಿ ಬಂದ ಕಂಪನಿಯೊಂದು ಕೆಲವು ವರ್ಷಗಳ ಹಿಂದೆ ನಮ್ಮ ಭಾಗದಲ್ಲಿ ಒಮ್ಮೆಲೇ ಏಜೆನ್ಸಿಗಳನ್ನು ಹಂಚಿತು. ಜಾತ್ರೆಯ ಸೀಜನ್ ನೋಡಿ ಗೋದಾಮು ತುಂಬಿಸಿದರು, ‘ಡ್ಯಾಮೇಜ್ ಕ್ಲೇಮು ನಮ್ಮದು’ ಎಂದು ಬಾಯಲ್ಲಿ ಹೇಳಿದರು. ಮುಂದಿನ ಸೀಜನ್ನಿಗೆ ಏರಿಯಾ ಮ್ಯಾನೇಜರನ ಫೋನು ಹತ್ತಲಿಲ್ಲ, ತಾರೀಖು ಮುಗಿದ ಪೆಟ್ಟಿಗೆಗಳು ನಮ್ಮಲ್ಲೇ ಉಳಿದವು. ಹೊಸ ಕಂಪನಿಗಳು ಏಜೆನ್ಸಿಗೆ ಕೊಡುವ ಪತ್ರ ಈಗಲೂ ಬಹುಮಟ್ಟಿಗೆ ಅದೇ ನಮೂನೆಯದು: ಡಿಪಾಸಿಟ್ಟು, ಟಾರ್ಗೆಟ್ಟು ಎರಡು ಪುಟ, ಉಳಿದ ಮಾಲಿನ ಬಗ್ಗೆ, ಕಂಪನಿಯ ವಿವೇಚನೆಗೆ ಬಿಟ್ಟದ್ದು ಎಂಬ ಒಂದು ಸಾಲು. ಅದರ ಬದಲು ತಾರೀಖು ಮುಗಿಯುವ ಎರಡು ತಿಂಗಳ ಮುಂಚೆ ಮಾಲು ವಾಪಸು, ಕ್ಲೇಮಿಗೆ ಮೂವತ್ತು ದಿನದ ಗಡುವು, ಸುಗ್ಗಿ ನೋಡಿ ಟಾರ್ಗೆಟ್ ಎಂದು ಬರೆದುಕೊಡಿ ಎಂದು ಕೇಳುವವರು ಗಂಗಾವತಿಯಲ್ಲಿ ಈಗ ಸಿಗುತ್ತಾರೆ. ಬರೆದುಕೊಟ್ಟ ಒಂದೆರಡು ಕಂಪನಿಗಳ ಮಾಲನ್ನೇ ನಾವು ಮರಳಿ ಊರಿನ ಲೈನಿಗೆ ಹಾಕುತ್ತಿದ್ದೇವೆ.