ನಿಂತಂತೆ ತೋರುವ ನಡಿಗೆ

ಭೂಸ್ಥಿರ ಉಪಗ್ರಹ ಎಂಬ ಹೆಸರಿನಲ್ಲಿರುವ ‘ಸ್ಥಿರ’ ಎಂಬ ಮಾತು ನಮ್ಮನ್ನು ಕೊಂಚ ದಾರಿ ತಪ್ಪಿಸುತ್ತದೆ. ಧ್ರುವನಂತೆ ಅಚಲಪದವಿಯಲ್ಲಿ ಕುಳಿತುಬಿಟ್ಟ ವಸ್ತುವೊಂದರ ಚಿತ್ರ ಕಣ್ಣಿಗೆ ಕಟ್ಟುತ್ತದೆ. ವಾಸ್ತವದಲ್ಲಿ ಅದು ಸೆಕೆಂಡಿಗೆ ಸುಮಾರು 3 ಕಿಲೋಮೀಟರ್ ವೇಗದಿಂದ ಧಾವಿಸುತ್ತಿರುತ್ತದೆ. ಅದರ ಒಂದು ಸುತ್ತೂ ಭೂಮಿಯ ಒಂದು ಆವರ್ತನವೂ ಸರಿಹೊಂದುವುದರಿಂದ ನಿಂತಂತೆ ತೋರುತ್ತದೆ, ಅಷ್ಟೆ. ಪದಗಳ ಅರ್ಥವನ್ನು ಕೆದಕುವುದರಲ್ಲಿಯೇ ಬದುಕು ಕಳೆದ ನನಗೆ ಈ ಪದದ ಹಿಂದಿರುವ ಚರಿತ್ರೆ ಕುತೂಹಲಕರವಾಗಿ ಕಂಡಿದೆ.

ತಕ್ಕ ವೇಗದಿಂದ ಮೇಲೇರಿಸಿದ ವಸ್ತುವನ್ನು ಗುರುತ್ವವೇ ಸುತ್ತಿಸುತ್ತದೆ ಎಂಬುದು ನ್ಯೂಟನ್ 1687ರಲ್ಲಿ ಪ್ರಕಟಿಸಿದ ನಿಯಮಗಳ ಫಲಿತಾರ್ಥ. ಆದರೆ ಈ ಸುತ್ತು ಎಂದೆಂದಿಗೂ ಕೆಡದಿರಬೇಕಾದರೆ ಭೂಮಿಗೆ ಗಾಳಿಯಿರಬಾರದು, ಅದು ಪರಿಪೂರ್ಣವಾಗಿ ದುಂಡಗಿರಬೇಕು, ನೆರೆಹೊರೆಯವರೂ ಇರಬಾರದು. ನಮ್ಮ ಭೂಮಿ ಅಂಥದಲ್ಲ.

ಕೆಳಗಿನ ಕಕ್ಷೆಗಳಲ್ಲಿ ವೈರಿ ಗಾಳಿಯೇ. ಬೆಂಗಳೂರಿನ ಪೀಣ್ಯದಲ್ಲಿ ರೂಪುಗೊಂಡು 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿದ ‘ಆರ್ಯಭಟ’ ಸುಮಾರು 600 ಕಿ.ಮೀ. ಎತ್ತರದಲ್ಲಿತ್ತು. ಅಲ್ಲಿಯೂ ವಾಯುಮಂಡಲದ ತೆಳುಸೆರಗು ತಾಗಿ ತಾಗಿ ಅದು ಇಳಿಯುತ್ತ ಬಂದು, 1992ರ ಫೆಬ್ರವರಿಯಲ್ಲಿ ವಾಯುಮಂಡಲವನ್ನು ಮರಳಿ ಹೊಕ್ಕಿತು. ಅಮೆರಿಕದ ‘ಸ್ಕೈಲ್ಯಾಬ್’ನ ಕಥೆ ಇನ್ನೂ ಪ್ರಸಿದ್ಧ. ಸೂರ್ಯನ ಚಟುವಟಿಕೆ ನಿರೀಕ್ಷೆ ಮೀರಿ ಹೆಚ್ಚಿತು. ಕಾದ ವಾಯುಮಂಡಲ ಹಿಗ್ಗಿ ಅದರ ನಡಿಗೆಗೆ ಅಡ್ಡವಾಯಿತು. ಮೇಲೆತ್ತಿ ಉಳಿಸಬಹುದಾಗಿದ್ದ ಷಟಲ್ ವಾಹನ ಇನ್ನೂ ಸಿದ್ಧವಾಗಿರಲಿಲ್ಲ. 1979ರ ಜುಲೈ 11ರಂದು ಅದರ ಅವಶೇಷಗಳು ಹಿಂದೂ ಮಹಾಸಾಗರದಲ್ಲಿಯೂ ಪಶ್ಚಿಮ ಆಸ್ಟ್ರೇಲಿಯಾದಲ್ಲಿಯೂ ಬಿದ್ದವು.

ಭೂಸ್ಥಿರ ಕಕ್ಷೆ ಇರುವುದು ಸುಮಾರು 36,000 ಕಿ.ಮೀ. ಮೇಲೆ. ಅಲ್ಲಿ ಗಾಳಿಯ ಕಾಟವಿಲ್ಲ. ಆದರೆ ಸೂರ್ಯಚಂದ್ರರ ಸೆಳೆತವಿದೆ. ತಡೆಯದೆ ಬಿಟ್ಟರೆ ಕಕ್ಷೆ ವರ್ಷಕ್ಕೆ ಒಂದು ಡಿಗ್ರಿಗೆ ಸಮೀಪವಾಗಿ ಓರೆಯಾಗುತ್ತದೆ. ಆಗ ಉಪಗ್ರಹ ದಿನವೂ ಆಕಾಶದಲ್ಲಿ 8ರ ಆಕಾರವನ್ನು ಬರೆಯತೊಡಗುತ್ತದೆ. ನೆಲದ ಮೇಲೆ ಅಲುಗದೆ ನಿಂತ ಆಂಟೆನಾ ಅದನ್ನು ಕಳೆದುಕೊಳ್ಳುತ್ತದೆ. ಭೂಮಧ್ಯರೇಖೆಯೂ ನಿಜವಾದ ವೃತ್ತವಲ್ಲ. ಆ ಉಬ್ಬುತಗ್ಗುಗಳ ಸೆಳೆತಕ್ಕೆ ಉಪಗ್ರಹ ಪೂರ್ವಪಶ್ಚಿಮವಾಗಿಯೂ ಸರಿಯುತ್ತದೆ. ಹೀಗೆ ಸರಿಯುವ ವಸ್ತುಗಳನ್ನು ತನ್ನತ್ತ ಎಳೆದುಕೊಳ್ಳುವ ಎರಡು ನೆಲೆಗಳಲ್ಲಿ ಒಂದು, ಸುಮಾರು 75 ಡಿಗ್ರಿ ಪೂರ್ವ ರೇಖಾಂಶ. ನಮ್ಮ ಹುಬ್ಬಳ್ಳಿ ಅದರ ಮಗ್ಗುಲಲ್ಲಿಯೇ ಇದೆ.

ಇದನ್ನೆಲ್ಲ ತಿದ್ದುವ ಬಗೆ ಹೇಗೆ? ರೇಡಿಯೋ ಸಂಕೇತಗಳಿಂದ ಸ್ಥಾನವನ್ನು ಅಳೆದು, ಮುಂದಿನ ದಾರಿಯನ್ನು ಗಣಿಸಿ, ಉಪಗ್ರಹದ ಪುಟ್ಟ ಎಂಜಿನುಗಳನ್ನು ಕ್ಷಣಕಾಲ ಉರಿಸುತ್ತಾರೆ. ಇಲ್ಲೊಂದು ವಿರೋಧಾಭಾಸವುಂಟು: ಮುಂದಕ್ಕೆ ತಳ್ಳಿದರೆ ಉಪಗ್ರಹ ಮೇಲಿನ ಕಕ್ಷೆಗೇರಿ, ಸುತ್ತು ನಿಧಾನವಾಗಿ, ಹಿಂದೆ ಬೀಳುತ್ತದೆ. ಅದನ್ನು ಮುಂದಕ್ಕೆ ತರಬೇಕಾದರೆ ಹಿಂದಕ್ಕೆ ತಳ್ಳಬೇಕು! ಪ್ರತಿ ತಿದ್ದುಪಡಿಗೂ ಇಂಧನ ವೆಚ್ಚವಾಗುತ್ತದೆ. ಯಂತ್ರಗಳೆಲ್ಲ ಸರಿಯಿದ್ದರೂ ಇಂಧನ ತೀರಿದೊಡನೆ ಉಪಗ್ರಹದ ಸೇವೆಯೂ ತೀರಿತು.

ಈ ಸತ್ಯವನ್ನು ಭಾರತ ಕಠಿಣವಾಗಿ ಕಲಿಯಿತು. ನಮ್ಮ ಹಾಸನದಲ್ಲಿ ಉಪಗ್ರಹಗಳ ಪ್ರಧಾನ ನಿಯಂತ್ರಣ ಕೇಂದ್ರ ಸ್ಥಾಪಿತವಾದದ್ದು 1982ರಲ್ಲಿ. ಅದೇ ವರ್ಷ ಏಪ್ರಿಲ್ 10ರಂದು ಅಮೆರಿಕದಿಂದ ಹಾರಿದ ‘ಇನ್ಸಾಟ್-1ಎ’ 74 ಡಿಗ್ರಿ ಪೂರ್ವದಲ್ಲಿ ನೆಲೆಗೊಂಡಿತು. ಏಳು ವರ್ಷ ಬಾಳಬೇಕಾಗಿದ್ದ ಅದು ಸೆಪ್ಟೆಂಬರ್ 6ರಂದೇ ಕೆಲಸ ನಿಲ್ಲಿಸಿತು. ಭೂಮಿಯತ್ತ ಮುಖಮಾಡಿ ನಿಲ್ಲಲು ಬೇಕಾದ ಇಂಧನವೇ ಮುಗಿದುಹೋಗಿತ್ತು. ಮರುವರ್ಷ ಆಗಸ್ಟ್ 30ರಂದು ‘ಇನ್ಸಾಟ್-1ಬಿ’ ಚಾಲೆಂಜರ್ ವಾಹನದಲ್ಲಿ ಮೇಲೇರಿತು. ಅದರ ಸೌರಫಲಕ ಕೆಲವು ದಿನ ಬಿಚ್ಚಿಕೊಳ್ಳದೆ ಎದೆ ನಡುಗಿಸಿದರೂ, ಬಿಚ್ಚಿಕೊಂಡ ಮೇಲೆ ನಿಗದಿತ ಅವಧಿಯನ್ನು ಮೀರಿ ದುಡಿಯಿತು. ಎಂಬತ್ತರ ದಶಕದಲ್ಲಿ ನಮ್ಮ ಊರೂರುಗಳಿಗೆ ದೂರದರ್ಶನ ಬಂದದ್ದು ಬಹುಮಟ್ಟಿಗೆ ಅದರ ಬಲದಿಂದ.

ಇಂದು ನಿವೃತ್ತಿಯ ಹಂತಕ್ಕೆ ಬಂದ ಉಪಗ್ರಹ ಕೊನೆಯ ಕೆಲವು ಕಿಲೋ ಇಂಧನವನ್ನು ಕಾದಿರಿಸಿಕೊಂಡು, ಸುಮಾರು 300 ಕಿ.ಮೀ. ಮೇಲಕ್ಕೆ ಸರಿದು, ಹೊಸಬರಿಗೆ ಜಾಗ ಬಿಡಬೇಕೆಂಬುದು ಒಪ್ಪಿತ ನಡವಳಿಕೆ. ಹಾಸನ ಜಿಲ್ಲೆಗೆ ಹೋದವರು ಬೇಲೂರು, ಹಳೇಬೀಡುಗಳ ಕಲ್ಲಿನ ಸ್ಥಿರತೆಯನ್ನು ಕಂಡು ಬೆರಗಾಗುತ್ತಾರೆ. ಅದೇ ಜಿಲ್ಲೆಯಲ್ಲಿ, ಇನ್ನೊಂದು ಬಗೆಯ ಸ್ಥಿರತೆಯನ್ನು ಹಗಲಿರುಳೂ ತಿದ್ದಿ ತಿದ್ದಿ ಉಳಿಸಿಕೊಳ್ಳುವ ಜನ ಇದ್ದಾರೆಂಬುದೂ ನಮ್ಮ ನೆನಪಿನಲ್ಲಿರಲಿ.